ಮೂರು ಗರಿ ಸಾಕಾ, ನಾಲ್ಕು ಬೇಕಾ?

ಸುಮಾ, ನೀನು ಬೆಳಿಗ್ಗೆ ಹಾಕಿದ್ದು ಈಗ ನೋಡಿದೆ. ಚಿಂಟು ಬಿಟ್ಟ ಬಾಣ ಬಾಲ ಅಲ್ಲಾಡಿಸಿಕೊಂಡು ಹೋಗುತ್ತಿದೆ, ಭಾನುವಾರ ಬಿದಿರು ಬಿಲ್ಲಲ್ಲೇ ಹೊಡೆಯುವ ಇಂಡಿಯನ್ ರೌಂಡ್ ಸ್ಪರ್ಧೆ ಬೇರೆ, ಮೂರು ಗರಿ ಕಿತ್ತು ನಾಲ್ಕು ಅಂಟಿಸಲಾ ಅಂತ ಕೇಳಿದ್ದೀಯ. ಗಾಬರಿ ಬೇಡ. ಆದರೆ ಗೋಂದು ಮುಟ್ಟುವ ಮೊದಲು ಇದನ್ನು ಪೂರ್ತಿ ಕೇಳು.

ನನ್ನ ಎಡಗೈ ತೋರುಬೆರಳಿನ ಬುಡದಲ್ಲಿ ಗಾಯದ ಕಲೆ ಇದೆಯಲ್ಲ, ನೀವೆಲ್ಲ ಚಿಕ್ಕವರಿದ್ದಾಗ ಮುಟ್ಟಿ ಮುಟ್ಟಿ ನೋಡುತ್ತಿದ್ದಿರಿ. ಅದು ಕುಡುಗೋಲಿನದ್ದಲ್ಲ. ನನಗಾಗ ಹತ್ತೊಂಬತ್ತು. ವಿಜಯದಶಮಿಗೆ ಬಾಳೆಕಂಬಕ್ಕೆ ಅಂಬು ಹೊಡೆಯುವ ಸರದಿ ನಮ್ಮ ಮನೆಯದ್ದು. ಅಪ್ಪ ಯಾವತ್ತೂ ಮೂರೇ ಗರಿ ಕಟ್ಟುತ್ತಿದ್ದರು. ಜಾಸ್ತಿ ಇದ್ದರೆ ನೆಟ್ಟಗೆ ಹೋಗುತ್ತದೆ ಅಂತ ನಾನು ಹಿಂದಿನ ರಾತ್ರಿ ಕೂತು ನಾಲ್ಕು ಅಂಟಿಸಿದೆ. ಗೋಂದು ಗಟ್ಟಿ ಇದೆ, ದಾರ ಯಾಕೆ ಅಂತ ಸುಮ್ನೆ ಬಿಟ್ಟೆ. ಬಿದಿರು ಬಿಲ್ಲಲ್ಲಿ ಬಾಣ ಮುಷ್ಟಿಯ ಮೇಲೇ ಜಾರಿ ಹೋಗಬೇಕು, ಗೊತ್ತಲ್ವಾ. ನನ್ನ ನಾಲ್ಕರಲ್ಲಿ ಒಂದು ಗರಿ ನೇರ ಕೆಳಕ್ಕಿತ್ತು. ಅದರ ದಂಟಿನ ಮುಂದಿನ ತುದಿ ಕೂದಲೆಳೆಯಷ್ಟು ಎದ್ದಿತ್ತು. ಹೆದೆ ಬಿಟ್ಟೆ. ಮೊದಲು ನೋವೇ ಆಗಲಿಲ್ಲ. ಹಿಡಿ ಯಾಕೆ ಒದ್ದೆಯಾಯಿತು ಅಂತ ನೋಡಿದರೆ ದಂಟು ಚರ್ಮದೊಳಗಿದೆ, ಬಿಳಿ ಪುಕ್ಕದ ಚೂರು ರಕ್ತಕ್ಕೆ ಅಂಟಿಕೊಂಡಿದೆ. ಅಮ್ಮ ಅರಿಶಿನ ಒತ್ತಿ ಕಟ್ಟಿದರು. ಒಳಗೆ ಸಿಬಿರು ಉಳಿದು ಕೀವಾಗಿ, ಮೂರನೇ ವಾರ ಕೊಯ್ಸಬೇಕಾಯಿತು. ಇವತ್ತಿಗೂ ಆ ಬೆರಳು ಪೂರ್ತಿ ಮಡಚುವುದಿಲ್ಲ.

ದಂಟಿನ ಮುಂದಿನ ತುದಿಗೆ ದಾರ ಸುತ್ತದೆ ಮಗುವಿನ ಕೈಗೆ ಬಾಣ ಕೊಡಬೇಡ. ಹತ್ತಿ ದಾರ ಬಿಗಿಯಾಗಿ ಸುತ್ತಿ ಮೇಲೆ ಗೋಂದು ಸವರು. ಒಣಗಿದ ಮೇಲೆ ಬಾಣದ ಮೊನೆ ಕಡೆಯಿಂದ ಗರಿ ಕಡೆಗೆ ಉಗುರು ಎಳೆದು ನೋಡು. ಎಲ್ಲೂ ಸಿಕ್ಕಿಕೊಳ್ಳಬಾರದು.

ಆ ಬಿಲ್ಲು ಈಗ ಇದ್ದಿದ್ದರೆ ಚಿಂಟುಗೇ ಕೊಡುತ್ತಿದ್ದೆ. ಪಾಲಾದಾಗ ನಾನು ಪಾತ್ರೆ ಕೇಳಲಿಲ್ಲ, ಪೆಟ್ಟಿಗೆ ಕೇಳಲಿಲ್ಲ. ಅಟ್ಟದ ಮೇಲಿನ ಅಪ್ಪನ ಬಿಲ್ಲೊಂದು ತೆಗೆದಿಡಿ ಅಂದಿದ್ದೆ. ಮರುವರ್ಷ ಹೋಗಿ ನೋಡುತ್ತೇನೆ, ಹೆದೆ ಬಿಚ್ಚಿ, ತುದಿಗೆ ಕುಡುಗೋಲು ಕಟ್ಟಿ, ನುಗ್ಗೆಕಾಯಿ ಕೀಳುವ ದೋಟಿ ಮಾಡಿದ್ದಾರೆ. ಅಪ್ಪನ ಕೈ ಸವೆದು ನುಣುಪಾದ ಹಿಡಿ ಅದು. ಮಾಡಿದವರು ಈ ಗುಂಪಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಬಿದಿರು ಬಿಲ್ಲು ಹಿಡಿದೇ ಬೆಳೆದ ರಾಜಸ್ಥಾನದ ಲಿಂಬಾ ರಾಮ್ 1988ರಲ್ಲಿ ಒಲಿಂಪಿಕ್ಸ್‌ಗೆ ಹೋದರು. ನಮ್ಮವರಿಗೆ ಅದು ಬರೀ ಕೋಲಾಗಿ ಕಂಡಿತು. ಒಂದು ಮಾತು ಕೇಳಬಹುದಿತ್ತು ನನ್ನನ್ನು.

ಅಯ್ಯೋ, ನೀನು ಕೇಳಿದ್ದಕ್ಕೆ ಹೇಳಲೇ ಇಲ್ಲ. ಮೂರೇ ಇರಲಿ. ನಾಲ್ಕಾದರೆ ಬಾಲ ಭಾರ, ಗಾಳಿ ತಡೆಯುವುದೂ ಜಾಸ್ತಿ. 30 ಮೀಟರ್‌ನಲ್ಲಿ ಅಷ್ಟು ಗೊತ್ತಾಗದಿದ್ದರೂ 50ಕ್ಕೆ ಹೋಗುವಷ್ಟರಲ್ಲಿ ಬಾಣ ಕೆಳಗಿಳಿದಿರುತ್ತದೆ. ಮೂರೂ ಒಂದೇ ಕಡೆಯ ರೆಕ್ಕೆಯವಾ ನೋಡು. ಎಡರೆಕ್ಕೆ ಬಲರೆಕ್ಕೆ ಬೆರೆತರೆ ಒಂದು ಈ ಕಡೆ ತಿರುಗಿಸುತ್ತದೆ, ಇನ್ನೊಂದು ಆ ಕಡೆ. ಬಾಲ ಅಲ್ಲಾಡುವುದು ಅದಕ್ಕೂ ಇರಬಹುದು. ಮೂರರಲ್ಲಿ ಬೇರೆ ಬಣ್ಣದ್ದೊಂದು ಗರಿ ಇರುತ್ತದಲ್ಲ, ಅದು ಬಿಲ್ಲಿಗೆ ತಾಗದಂತೆ ಹೊರಗೆ ಮುಖ ಮಾಡಿರಲಿ. ಚಿಂಟು ತಿರುಗಾಮುರುಗಾ ಹೂಡುತ್ತಿದ್ದಾನಾ ಅಂತಲೂ ಗಮನಿಸು.

ದಾರ ಸುತ್ತದೆ ಬಿಡಬೇಡ ಸುಮಾ, ಇನ್ನೊಂದು ಸಲ ಹೇಳುತ್ತಿದ್ದೇನೆ. ಸುತ್ತಿದ ಮೇಲೆ ಹತ್ತಿರದಿಂದ ಒಂದು ಫೋಟೋ ತೆಗೆದು ಇಲ್ಲಿಗೇ ಹಾಕು.