ಮನೆಯೂಟವನ್ನು ನಿಧಾನವಾಗಿ ಸಸ್ಯಾಹಾರಕ್ಕೆ, ಸಾವಯವಕ್ಕೆ ತಿರುಗಿಸುವುದು: ಯಾವುದು ಮೊದಲು?

ಇಬ್ಬರಮ್ಮ ಕೇಳಿದ್ದು:

ಮನೆಯಲ್ಲಿ ಇಬ್ಬರು ಮಕ್ಕಳು. ದೊಡ್ಡವಳಿಗೆ 7 ವರ್ಷ, ಚಿಕ್ಕವನಿಗೆ 2. ಈಗ ವಾರದಲ್ಲಿ ಐದಾರು ದಿನ ಮಾಂಸವೋ ಮೀನೋ ಇದ್ದೇ ಇರುತ್ತದೆ. ಅದನ್ನು ವಾರಕ್ಕೊಂದು ಸಲಕ್ಕೆ ಇಳಿಸಬೇಕು, ಆದಷ್ಟು ಸಾವಯವ ಪದಾರ್ಥ ತರಬೇಕು ಅಂತ ಇದ್ದೇವೆ. ಹಾಲು, ಮೊಸರು, ಮೊಟ್ಟೆ ಬಿಡುವುದಿಲ್ಲ.

ಗೊಂದಲ ಇರುವುದು ಇಷ್ಟು. ಎರಡನ್ನೂ ಒಟ್ಟಿಗೆ ಶುರು ಮಾಡಬಹುದೇ? ಎಲ್ಲವನ್ನೂ ಸಾವಯವ ಕೊಳ್ಳುವಷ್ಟು ಬಜೆಟ್ ಇಲ್ಲ, ಯಾವುದನ್ನು ಆರಿಸಿಕೊಳ್ಳಲಿ? ಕಾಳು ಜಾಸ್ತಿ ಮಾಡಿದ ಕೂಡಲೇ ಮಕ್ಕಳಿಗೆ ಹೊಟ್ಟೆ ಉಬ್ಬರ ಬರುತ್ತಿದೆ. ಚಿಕ್ಕವನಂತೂ ಊಟದ ಬದಲು ಹಾಲನ್ನೇ ಕೇಳುತ್ತಾನೆ. ತಿಳಿದವರು ಅಳತೆ ಸಮೇತ ಹೇಳಿದರೆ ಉಪಕಾರ.

ಕಾಳುಕಣಜ:

ಎರಡನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲು ತಟ್ಟೆ ಬದಲಾಗಲಿ, ಸಾವಯವ ಆಮೇಲೆ. ತಟ್ಟೆ ಬದಲಾದ ಮೇಲೆ ಮನೆಗೆ ಏನು, ಎಷ್ಟು ಬೇಕು ಅನ್ನುವುದು ಗೊತ್ತಾಗುತ್ತದೆ. ಅದಕ್ಕೆ ಮುಂಚೆ ದುಬಾರಿ ಪದಾರ್ಥ ತಂದರೆ ಡಬ್ಬಿಯಲ್ಲೇ ಹುಳ ಹಿಡಿಯುತ್ತದೆ.

ಎಲ್ಲರೂ ಎಡವುವ ಜಾಗ ಒಂದಿದೆ. ಮಾಂಸ ತೆಗೆದ ಜಾಗಕ್ಕೆ ಆಲೂಗಡ್ಡೆ, ಚೀಸ್, ಇನ್ನಷ್ಟು ಅನ್ನ ಬಂದು ಕೂರುತ್ತದೆ. ಲೆಕ್ಕಕ್ಕೆ ಅದೂ ಸಸ್ಯಾಹಾರವೇ, ಆದರೆ ಮಾಂಸ ಕೊಡುತ್ತಿದ್ದ ಪ್ರೋಟೀನ್, ಕಬ್ಬಿಣ, ಸತುವಿಗೆ ಬದಲಿ ಬಂದಿಲ್ಲ. ಹಾಗಾಗಿ ಮಾಂಸ ಇಳಿಸುವ ಪ್ರತಿ ಊಟದಲ್ಲೂ ಕಾಳು, ಬೇಳೆ, ಸೋಯಾ, ಪನೀರ್, ಮೊಟ್ಟೆ ಇವುಗಳಲ್ಲಿ ಒಂದು ಇರಲೇಬೇಕು ಅಂತ ಇಟ್ಟುಕೊಳ್ಳಿ.

ಪ್ರಮಾಣದ ಬಗ್ಗೆ ಹೆದರಿಕೆ ಬೇಡ. 1ರಿಂದ 3 ವರ್ಷದವರಿಗೆ ದಿನಕ್ಕೆ ಸುಮಾರು 13 ಗ್ರಾಂ, 4ರಿಂದ 8 ವರ್ಷದವರಿಗೆ ಸುಮಾರು 19 ಗ್ರಾಂ ಪ್ರೋಟೀನ್ ಸಾಕು. ಅರ್ಧ ಕಪ್ ಬೆಂದ ಕಾಳಿನಲ್ಲಿ 7-8 ಗ್ರಾಂ, ಒಂದು ಲೋಟ ಹಾಲಿನಲ್ಲಿ 8, ಒಂದು ಮೊಟ್ಟೆಯಲ್ಲಿ 6. ದೊಡ್ಡವಳದ್ದು ಇಷ್ಟರಲ್ಲೇ ಆಗಿಹೋಯಿತು, ಧಾನ್ಯದಿಂದ ಬರುವುದು ಮೇಲಿನದ್ದು. ಧಾನ್ಯ ಮತ್ತು ಕಾಳನ್ನು ಒಂದೇ ತುತ್ತಿನಲ್ಲಿ ತಿನ್ನಬೇಕು ಅಂತೇನಿಲ್ಲ, ಅದೇ ದಿನದಲ್ಲಿ ಎರಡೂ ಹೊಟ್ಟೆ ಸೇರಿದರೆ ಆಯಿತು.

ಶುರು ಮಾಡಲು ಸಲೀಸಾದದ್ದು ಖೀಮಾ ಥರದ ಅಡುಗೆ. ಮೊದಲೆರಡು ವಾರ ಕಾಲು ಭಾಗ ಕೊಚ್ಚಿದ ಮಾಂಸ ಕಡಿಮೆ ಮಾಡಿ, ಅಷ್ಟೇ ತೂಕದ ಬೆಂದ ಮಸೂರವನ್ನೋ ಸಣ್ಣಗೆ ಹೆಚ್ಚಿದ ಅಣಬೆಯನ್ನೋ ಸೇರಿಸಿ. ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಅಣಬೆಯನ್ನು ನೇರವಾಗಿ ಸಾರಿಗೆ ಹಾಕಿದರೆ ನೀರು ಬಿಟ್ಟು ಎಲ್ಲವೂ ಸಪ್ಪೆಯಾಗುತ್ತದೆ. ಅಗಲ ಬಾಣಲೆಯಲ್ಲಿ ಉಪ್ಪು ಹಾಕದೆ, ಜೋರು ಉರಿಯಲ್ಲಿ, ನೀರೆಲ್ಲ ಆರಿ ಅಂಚು ಕಂದು ಬಣ್ಣಕ್ಕೆ ಬರುವವರೆಗೆ ಹುರಿದು ಆಮೇಲೆ ಸೇರಿಸಿ. ಮಕ್ಕಳು ಹುಡುಕುವುದು ಆ ಹುರಿದ ರುಚಿಯನ್ನೇ. ಈರುಳ್ಳಿಯನ್ನೂ ಹಾಗೇ ಚೆನ್ನಾಗಿ ಬಾಡಿಸಿಕೊಳ್ಳಿ.

ಹೊಟ್ಟೆ ಉಬ್ಬರದ ವಿಷಯ. ಕಾಳಿನಲ್ಲಿರುವ ರ‍್ಯಾಫಿನೋಸ್ ಗುಂಪಿನ ಸಕ್ಕರೆಗಳನ್ನು ನಮ್ಮ ಸಣ್ಣ ಕರುಳು ಒಡೆಯಲಾರದು, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಒಡೆಯುವಾಗ ಗ್ಯಾಸ್ ಆಗುತ್ತದೆ. ಕಾಳನ್ನು 8ರಿಂದ 12 ಗಂಟೆ ನೆನೆಹಾಕಿ, ಮಧ್ಯೆ ಒಮ್ಮೆ ನೀರು ಬದಲಿಸಿ, ಕೊನೆಗೆ ಆ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿ. ಮಕ್ಕಳಿಗೆ ಸಿಪ್ಪೆ ತೆಗೆದ ಹೆಸರುಬೇಳೆ, ಕೆಂಪು ಮಸೂರದಿಂದ ಶುರು ಮಾಡಿ. ಇಡೀ ಕಡಲೆಕಾಳು, ರಾಜ್ಮಾ ಕೊನೆಗೆ ಬರಲಿ. ದಿನಕ್ಕೆ ಎರಡು ಚಮಚ, ನಾಲ್ಕೈದು ದಿನಕ್ಕೊಮ್ಮೆ ಇನ್ನೆರಡು ಚಮಚ. ನಾರು ಹೆಚ್ಚಿದಂತೆ ನೀರೂ ಹೆಚ್ಚಬೇಕು, ಇಲ್ಲದಿದ್ದರೆ ಮಲಬದ್ಧತೆ ಗ್ಯಾರಂಟಿ.

ಕಾಳು ಬೇಯುತ್ತಲೇ ಇಲ್ಲ ಅನ್ನುವವರು ಮೂರು ವಿಷಯ ನೋಡಿ: ಕಾಳು ಹಳೆಯದೇ, ನೀರು ಗಡುಸೇ, ಟೊಮೇಟೊ ಅಥವಾ ಹುಳಿ ಮೊದಲೇ ಬಿದ್ದಿದೆಯೇ. ಹುಳಿ ಬಿದ್ದ ಮೇಲೆ ಕಾಳು ಮೆತ್ತಗಾಗುವುದು ಕಷ್ಟ. ಗಡಸು ನೀರಾದರೆ ನೆನೆಹಾಕುವಾಗ ಒಂದು ಲೀಟರಿಗೆ ಕಾಲು ಟೀ ಚಮಚ ಅಡುಗೆ ಸೋಡಾ ಹಾಕಬಹುದು. ಹೆಚ್ಚು ಹಾಕಿದರೆ ಬಿ1 ಜೀವಸತ್ವ ಹಾಳಾಗುತ್ತದೆ, ರುಚಿಯೂ ಸೋಪಿನಂತಾಗುತ್ತದೆ.

ಪಥ್ಯಪುಟ:

ಕಾಳುಕಣಜ ಅವರು ಪ್ರೋಟೀನ್ ಬಗ್ಗೆ ಹೇಳಿದ್ದು ಸರಿ. ನನ್ನ ಕಾಳಜಿ ಬೇರೆ, ಚಿಕ್ಕವನ ಹಾಲು. 2 ವರ್ಷದ ಮಗುವಿಗೆ ದಿನಕ್ಕೆ 500 ಮಿಲಿ ದಾಟಬಾರದು. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಅದರ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣಕ್ಕೂ ಅಡ್ಡ ಬರುತ್ತದೆ, ಹೊಟ್ಟೆ ತುಂಬಿದ ಮಗು ಊಟವನ್ನು ತಳ್ಳುತ್ತದೆ. ಇದೇ ಹೊತ್ತಿಗೆ ಮಾಂಸವನ್ನೂ ಇಳಿಸಿದರೆ ರಕ್ತಹೀನತೆಗೆ ದಾರಿ ನೇರ. ಬಾಟಲಿ ಬಿಡಿಸಿ ಲೋಟಕ್ಕೆ ತನ್ನಿ, ಹಾಲನ್ನು ಊಟಕ್ಕೆ ಮುಂಚೆ ಕೊಡಬೇಡಿ, ಊಟದಿಂದ ಸಾಕಷ್ಟು ದೂರವಿಡಿ. ಮಾಂಸ ಕಡಿಮೆ ಮಾಡುವುದು ಹಾಲಿನ ಅಭ್ಯಾಸ ಸರಿಹೋದ ಮೇಲೆಯೇ ಆಗಲಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮಗು ಬಿಳಿಚಿಕೊಂಡಿದ್ದರೆ, ಮಣ್ಣು ಅಥವಾ ಐಸ್ ತಿನ್ನುತ್ತಿದ್ದರೆ ವೈದ್ಯರ ಹತ್ತಿರ ರಕ್ತ ಪರೀಕ್ಷೆ ಮಾಡಿಸಿ. ನೀವೇ ಐರನ್ ಸಿರಪ್ ತಂದು ಕುಡಿಸಬೇಡಿ, ಅಳತೆ ಮೀರಿದರೆ ಅದು ಮಕ್ಕಳಿಗೆ ವಿಷ.

ಸಸ್ಯಮೂಲದ ಕಬ್ಬಿಣ ಮಾಂಸದ್ದರಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಸಿ ಜೀವಸತ್ವ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ನಿಂಬೆಹಣ್ಣನ್ನು ಕುದಿಯುವಾಗ ಹಿಂಡಬೇಡಿ, ಬಿಸಿಗೆ ಸಿ ಜೀವಸತ್ವ ನಾಶವಾಗುತ್ತದೆ. ಒಲೆ ಆರಿಸಿ, ಬಡಿಸುವಾಗ ಹಿಂಡಿ. ಅರ್ಧ ಕಿತ್ತಳೆ, ಒಂದೆರಡು ಹೋಳು ಸೀಬೆಹಣ್ಣು ಕೊಟ್ಟರೂ ಆಯಿತು. ದೊಡ್ಡವರು ಊಟದ ಜೊತೆ ಚಹಾ, ಕಾಫಿ ಕುಡಿಯುವವರಾದರೆ ಒಂದು ಗಂಟೆ ಅಂತರವಿಡಿ. ಪಾಲಕ್ ಒಂದನ್ನೇ ನಂಬಿ ಕೂರಬೇಡಿ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಬಹುಪಾಲು ಕಟ್ಟಿಹಾಕುತ್ತದೆ.

ಬಿ12 ಜೀವಸತ್ವ: 2 ವರ್ಷದವನಿಗೆ ದಿನಕ್ಕೆ 0.9 ಮೈಕ್ರೋಗ್ರಾಂ, 7 ವರ್ಷದವಳಿಗೆ 1.2, ದೊಡ್ಡವರಿಗೆ 2.4. ಒಂದು ಲೋಟ ಹಾಲಿನಲ್ಲಿ ಸುಮಾರು 1.2, ಒಂದು ಮೊಟ್ಟೆಯಲ್ಲಿ ಸುಮಾರು 0.5 ಇರುತ್ತದೆ. ಹಾಲು, ಮೊಸರು, ಮೊಟ್ಟೆ ದಿನವೂ ಇದ್ದರೆ ಮಕ್ಕಳದ್ದು ನಡೆಯುತ್ತದೆ. ಹೆಚ್ಚಾಗಿ ಕೊರತೆಗೆ ಸಿಕ್ಕುವವರು ಹಾಲನ್ನೂ ಮುಟ್ಟದ ದೊಡ್ಡವರು. ಯಕೃತ್ತಿನ ದಾಸ್ತಾನು ವರ್ಷಗಟ್ಟಲೆ ಬರುವುದರಿಂದ ಕೊರತೆ ತಡವಾಗಿ ಕಾಣುತ್ತದೆ. ಸೊಪ್ಪು, ಕಾಳಿನ ಫೋಲೇಟ್ ರಕ್ತದಲ್ಲಿನ ಚಿಹ್ನೆಯನ್ನು ಮುಚ್ಚಿಡುತ್ತದೆ, ಒಳಗೆ ನರಗಳ ಹಾನಿ ನಡೆದೇ ಇರುತ್ತದೆ. ಬಿ12ಗೆ ಅಂತ ಸ್ಪಿರುಲಿನಾ (ಪಾಚಿಯ ಪುಡಿ) ನಂಬಬೇಡಿ, ಅದರಲ್ಲಿರುವ ಬಿ12ರಲ್ಲಿ ಬಹುಪಾಲು ಮೈಗೆ ಬಳಕೆಯಾಗದ ರೂಪ.

ಇನ್ನೊಂದು, ಯಾರೂ ಗಮನಿಸದ್ದು. "ನೈಸರ್ಗಿಕ" ಅನ್ನುವ ಹುರುಪಿನಲ್ಲಿ ಉಪ್ಪನ್ನೂ ಕಲ್ಲುಪ್ಪಿಗೆ ಬದಲಿಸುತ್ತಾರೆ. ಮೀನು ಕಡಿಮೆಯಾಗಿ, ಅಯೋಡಿನ್ ಸೇರಿಸಿದ ಉಪ್ಪೂ ಹೋದರೆ ಅಯೋಡಿನ್ ಬರುವ ಮುಖ್ಯ ದಾರಿಗಳೇ ಮುಚ್ಚಿದಂತೆ. ಉಪ್ಪನ್ನು ಬದಲಿಸಬೇಡಿ.

ಮೀನಿನ ಒಮೆಗಾ-3 ಜಾಗಕ್ಕೆ ಅಗಸೆ ಬೀಜ. ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಿ ಫ್ರಿಜ್ಜಿನಲ್ಲಿಡಿ. ಮೈಯಲ್ಲಿ ಅದು ಮೀನಿನಲ್ಲಿರುವ ರೂಪಕ್ಕೆ ಬದಲಾಗುವುದು ಸ್ವಲ್ಪವೇ, ಹಾಗಾಗಿ ಉಳಿಸಿಕೊಳ್ಳುವ ಆ ಒಂದು ದಿನ ಮೀನಿನದ್ದಾದರೆ ಒಳ್ಳೆಯದು. ಬಾದಾಮಿ, ಅಕ್ರೋಟ್ ಚಿಕ್ಕವನಿಗೆ ಇಡಿಯಾಗಿ ಕೊಡಬೇಡಿ, ಉಸಿರುಗಟ್ಟುವ ಅಪಾಯವಿದೆ.

ಮಣ್ಣುಮೂಲ:

ಸಾವಯವದ ಭಾಗ ನಾನು ಹೇಳುತ್ತೇನೆ. ಪೌಷ್ಟಿಕಾಂಶ ಹೆಚ್ಚು ಅನ್ನುವ ಕಾರಣಕ್ಕೆ ಕೊಳ್ಳುವುದಾದರೆ ಆಧಾರ ಗಟ್ಟಿಯಿಲ್ಲ. 2012ರ ಸ್ಟ್ಯಾನ್‌ಫರ್ಡ್ ಪರಾಮರ್ಶೆಗೆ ಅಂಥ ದೊಡ್ಡ ವ್ಯತ್ಯಾಸ ಸಿಗಲಿಲ್ಲ. 2014ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ನ್ಯೂಟ್ರಿಷನ್‌ನಲ್ಲಿ ಬಂದ 343 ಪ್ರಬಂಧಗಳ ವಿಶ್ಲೇಷಣೆ ಸಾವಯವದಲ್ಲಿ ಆಂಟಿಆಕ್ಸಿಡೆಂಟ್ ಹೆಚ್ಚು, ಕ್ಯಾಡ್ಮಿಯಂ ಅನ್ನುವ ವಿಷಲೋಹ ಕಡಿಮೆ ಅಂದಿತು. ಎರಡೂ ಒಪ್ಪುವ ಮಾತು ಒಂದೇ: ಸಾವಯವದಲ್ಲಿ ಕೀಟನಾಶಕದ ಉಳಿಕೆ ಕಡಿಮೆ. ಹಾಗಾಗಿ ಉಳಿಕೆ ಎಲ್ಲಿ ಹೆಚ್ಚೋ ಅಲ್ಲಿ ದುಡ್ಡು ಹಾಕಿ.

ಸಿಪ್ಪೆ ಸಮೇತ, ಹಸಿಯಾಗಿ ತಿನ್ನುವಂಥವು ಮೊದಲು: ಸ್ಟ್ರಾಬೆರಿ, ದ್ರಾಕ್ಷಿ, ಸೇಬು, ದೊಣ್ಣೆ ಮೆಣಸಿನಕಾಯಿ, ಎಲೆ ಸೊಪ್ಪು. ಈರುಳ್ಳಿ, ಅನಾನಸ್, ಕಲ್ಲಂಗಡಿ, ಬೆಣ್ಣೆಹಣ್ಣು ಇಂಥ ದಪ್ಪ ಸಿಪ್ಪೆಯವನ್ನು ಮಾಮೂಲಿಯದೇ ತನ್ನಿ. ಸಾವಯವ ಬಿಸ್ಕತ್ತು, ಸಾವಯವ ಚಿಪ್ಸ್‌ಗೆ ಖರ್ಚು ಮಾಡುವುದು ದಂಡ, ಸಕ್ಕರೆ ಎಲ್ಲಿಂದ ಬಂದರೂ ಸಕ್ಕರೆಯೇ. ಅಕ್ಕಿಯ ಆರ್ಸೆನಿಕ್ ಮಣ್ಣು, ನೀರಿನಿಂದ ಬರುವುದು, ಸಾವಯವ ಮುದ್ರೆ ಅದನ್ನು ತಡೆಯುವುದಿಲ್ಲ. ಆರು ಪಟ್ಟು ನೀರಿನಲ್ಲಿ ಬೇಯಿಸಿ ಬಸಿದರೆ ಸಾಕಷ್ಟು ಕಡಿಮೆಯಾಗುತ್ತದೆ.

ಸಾವಯವ ಕೊಳ್ಳಲಾಗದ ಹಣ್ಣಿಗೆ ಅಡುಗೆ ಸೋಡಾ ಒಳ್ಳೆಯ ದಾರಿ. 2017ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬನ್ನು ಲೀಟರಿಗೆ 10 ಗ್ರಾಂ (ಸುಮಾರು ಎರಡು ಟೀ ಚಮಚ) ಸೋಡಾ ನೀರಿನಲ್ಲಿ 12ರಿಂದ 15 ನಿಮಿಷ ನೆನೆಸಿದಾಗ ಮೇಲ್ಮೈಯಲ್ಲಿದ್ದ ಎರಡು ಕೀಟ-ಶಿಲೀಂಧ್ರನಾಶಕಗಳು ಬಹುಮಟ್ಟಿಗೆ ಹೋದವು. ಸಿಪ್ಪೆಯೊಳಗೆ ಇಳಿದದ್ದು ಮಾತ್ರ ಹೋಗಲಿಲ್ಲ. ನೆನೆಸಿದ ಮೇಲೆ ಹರಿಯುವ ನೀರಿನಲ್ಲಿ ತೊಳೆಯಿರಿ. ಸಾವಯವವನ್ನೂ ತೊಳೆಯಲೇಬೇಕು, ಅಲ್ಲೂ ಕೆಲವು ಕೀಟನಾಶಕಗಳಿಗೆ ಅನುಮತಿ ಇದೆ, ಮಣ್ಣು-ಗೊಬ್ಬರದ ಸೂಕ್ಷ್ಮಾಣು ಬೇರೆ.

ಸಾವಯವ ಧಾನ್ಯವನ್ನು ಸಾಮಾನ್ಯವಾಗಿ ರಾಸಾಯನಿಕ ಹೊಗೆ ಕೊಟ್ಟು ಶೇಖರಿಸಿರುವುದಿಲ್ಲ, ಹುಳದ ಮೊಟ್ಟೆ ಒಳಗೇ ಬಂದಿರಬಹುದು. ತಂದ ದಿನವೇ ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಡಿ. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ಕೋಣೆಯ ಬಿಸಿಗೆ ಬರಲು ಬಿಡಿ. ಆಗಲೇ ಬಿಚ್ಚಿದರೆ ಕಾಳಿನ ಮೇಲೆ ತೇವ ಕೂತು ಬೂಷ್ಟು ಹಿಡಿಯುತ್ತದೆ.

ಇಬ್ಬರಮ್ಮ:

ಎಲ್ಲರಿಗೂ ಧನ್ಯವಾದ. ಮೊದಲು ಹಾಲಿನ ಕಡೆ ನೋಡುತ್ತೇನೆ. ಇನ್ನೆರಡು ಪ್ರಶ್ನೆ: ಶಾಲೆಯ ಡಬ್ಬಿಗೆ ಹಸಿ ಮೊಳಕೆ ಕಾಳು ಹಾಕಬಹುದೇ? ರಾಜ್ಮಾವನ್ನು ರಾತ್ರಿಯಿಡೀ ಸ್ಲೋ ಕುಕ್ಕರಿನಲ್ಲಿ ಇಡಬಹುದೇ?

ಕಾಳುಕಣಜ:

ಎರಡೂ ಬೇಡ ಮೇಡಂ. ಮೊಳಕೆ ಬರಿಸುವ ಬೆಚ್ಚನೆ ತೇವದಲ್ಲೇ ಸಾಲ್ಮೊನೆಲ್ಲಾ, ಇ. ಕೋಲಿ ಬೆಳೆಯುವುದು, ಮಕ್ಕಳಿಗೆ ಚೆನ್ನಾಗಿ ಬೇಯಿಸಿಯೇ ಕೊಡಿ. ರಾಜ್ಮಾದಲ್ಲಿ ಫೈಟೋಹೀಮಾಗ್ಲುಟಿನಿನ್ ಅನ್ನುವ ವಿಷ ಇದೆ. 80 ಡಿಗ್ರಿ ಆಸುಪಾಸಿನಲ್ಲಿ ಅರೆಬೆಂದರೆ ಅದು ಇಳಿಯುವ ಬದಲು ಏರಬಹುದು, ನಾಲ್ಕೈದು ಕಾಳು ತಿಂದರೂ ವಾಂತಿ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಿ, ಆಮೇಲೆ ಬೇಕಾದರೆ ಸ್ಲೋ ಕುಕ್ಕರಿಗೆ ಹಾಕಿ. ಪ್ರೆಶರ್ ಕುಕ್ಕರಿನಲ್ಲಿ ಪೂರ್ತಿ ಮೆತ್ತಗೆ ಬೇಯಿಸಿದರೆ ಆ ಭಯ ಇಲ್ಲ.

ಪಥ್ಯಪುಟ:

ಡಬ್ಬಿಯ ವಿಷಯ ಬಂದಿದ್ದಕ್ಕೆ ಒಂದು ಮಾತು. ಹೊಸ ತಿನಿಸು ವಾಪಸ್ ಬಂದರೆ ಪಟ್ಟಿಯಿಂದ ತೆಗೆದುಹಾಕಬೇಡಿ. ಮಕ್ಕಳು ಒಪ್ಪಲು ಸಾಮಾನ್ಯವಾಗಿ 8ರಿಂದ 15 ಸಲ ಎದುರಿಗೆ ಇಡಬೇಕಾಗುತ್ತದೆ. ಗೊತ್ತಿರುವ ತಿನಿಸಿನ ಪಕ್ಕದಲ್ಲಿ ಒಂದೇ ಚಮಚ ಇಡಿ, ತಿನ್ನು ಅಂತ ಒತ್ತಾಯವೂ ಬೇಡ, ತಿಂದರೆ ಸಿಹಿ ಕೊಡುತ್ತೇನೆ ಅನ್ನುವ ಆಸೆಯೂ ಬೇಡ.