ಸೆಫಲೋಗ್ರಾಂ ವರದಿಯ ‘ಸಾಮಾನ್ಯ ಮೌಲ್ಯ’ ನಮ್ಮವರಿಗೆ ಎಷ್ಟು ಅನ್ವಯಿಸುತ್ತದೆ?

ಪ್ರಶ್ನೆ (ಪೋಷಕರು, ಹುಬ್ಬಳ್ಳಿ): 13 ವರ್ಷದ ಮಗಳಿಗೆ ಹಲ್ಲಿನ ಕ್ಲಿಪ್ ಹಾಕಿಸಲು ಹೋದಾಗ ಸೆಫಲೋಗ್ರಾಂ, ಅಂದರೆ ಮುಖದ ಪಾರ್ಶ್ವದ ಎಕ್ಸ್‌ರೇ ತೆಗೆದರು. ಕೆಳಗಿನ ಬಾಚಿಹಲ್ಲು ದವಡೆಯೊಡನೆ ಮಾಡುವ ಕೋನ 102 ಡಿಗ್ರಿ ಇದೆ, ಸಾಮಾನ್ಯ ಮೌಲ್ಯ 90, ಅಂದರೆ ಹಲ್ಲು ಮುಂದಕ್ಕೆ ವಾಲಿದೆ, ಆದ್ದರಿಂದ ನಾಲ್ಕು ಪ್ರಿಮೋಲಾರ್ (ಕೋರೆಹಲ್ಲಿಗೂ ದವಡೆಹಲ್ಲಿಗೂ ನಡುವಿನ) ಹಲ್ಲು ತೆಗೆಯಬೇಕು ಎಂದರು. ನಮ್ಮ ಮನೆತನದಲ್ಲಿ ಎಲ್ಲರ ತುಟಿಯೂ ತುಸು ಮುಂದಕ್ಕೇ ಇದೆ. ಈ 90 ಯಾರನ್ನು ಅಳೆದು ಬಂದದ್ದು?

ಉತ್ತರ 1 (ದಂತ ವಕ್ರತೆ ತಜ್ಞ): ಅದು ಅಮೆರಿಕದ ದಂತ ವಕ್ರತೆ ತಜ್ಞ ಟ್ವೀಡ್ ಅವರು ಇಂಥ ಎಕ್ಸ್‌ರೇ ಅಳೆಯಲು ಬಳಸಿದ ತ್ರಿಕೋನದ ಮೌಲ್ಯ. ಇಂಥದೇ ಅಳತೆಯ ವಿಧಾನವಾದ, ಅದೇ ಕಾಲದ ಡೌನ್ಸ್ ವಿಶ್ಲೇಷಣೆ (1948) ಹಲ್ಲಿನ ಹೊಂದಾಣಿಕೆ ಅತ್ಯುತ್ತಮವಾಗಿದ್ದ ಕೇವಲ 20 ಮಂದಿ ಬಿಳಿಯ ಹದಿಹರೆಯದವರನ್ನು ಆಧರಿಸಿತ್ತು ಎಂಬುದನ್ನು ನೆನೆದರೆ, ಪಠ್ಯಪುಸ್ತಕದ ‘ಸಾಮಾನ್ಯ’ ಎಷ್ಟು ಕಿರಿದಾದ ಗುಂಪಿನದು ಎಂಬುದು ತಿಳಿಯುತ್ತದೆ. ದಕ್ಷಿಣ ಭಾರತೀಯರಲ್ಲಿ ಎರಡೂ ದವಡೆಗಳ ಬಾಚಿಹಲ್ಲುಗಳು ಅದಕ್ಕಿಂತ ಮುಂದಕ್ಕೆ ವಾಲಿರುವುದು ಅಪರೂಪವಲ್ಲ. ಹೀಗಾಗಿ 102 ಎಂಬ ಅಂಕಿಯೊಂದನ್ನೇ ನೋಡಿ ಹಲ್ಲು ಕೀಳುವುದನ್ನು ನಾನು ಒಪ್ಪುವುದಿಲ್ಲ. ತುಟಿ ಮುಚ್ಚುವಾಗ ಗದ್ದದ ಚರ್ಮ ಬಿಗಿದು ಗುಳಿ ಗುಳಿಯಾಗುತ್ತದೆಯೇ, ಹಲ್ಲುಗಳು ಒತ್ತೊತ್ತಾಗಿವೆಯೇ, ಕೆಳ ಬಾಚಿಹಲ್ಲಿನ ಮುಂದಿನ ವಸಡು ತೆಳುವಾಗಿದೆಯೇ ಎಂಬುದನ್ನೂ ನೋಡಬೇಕು.

ಉತ್ತರ 2 (ಸ್ನಾತಕೋತ್ತರ ವಿದ್ಯಾರ್ಥಿನಿ): ಸರ್ ಹೇಳಿದ್ದು ಸರಿ, ಆದರೆ ‘ನಮ್ಮವರು ಹೀಗೇ’ ಎಂದು ಎಲ್ಲವನ್ನೂ ಬಿಟ್ಟುಬಿಡುವುದೂ ಅಪಾಯವೇ. ಮೇಲ್ದವಡೆ ಮತ್ತು ಕೆಳದವಡೆಯ ಹಿಂದು-ಮುಂದಿನ ಅಂತರವನ್ನು ತೋರಿಸುವ ಎಎನ್‌ಬಿ ಕೋನ (ಸ್ಟೈನರ್ ಎಂಬ ತಜ್ಞರ ಪ್ರಕಾರ ಸಾಮಾನ್ಯ ಮೌಲ್ಯ 2 ಡಿಗ್ರಿ) ಬಹಳ ಹೆಚ್ಚಿದ್ದರೆ ತೊಂದರೆ ಮೂಳೆಯಲ್ಲಿರಬಹುದು, ಬರೀ ಹಲ್ಲಿನ ಓರೆಯಲ್ಲಲ್ಲ. ಇನ್ನು ‘ದಕ್ಷಿಣ ಭಾರತೀಯ’ ಎಂಬುದೂ ಒಂದೇ ಅಚ್ಚಿನ ಮುಖವಲ್ಲ. ಕೊಡವರ ಸರಾಸರಿಯನ್ನು ರಾಯಚೂರಿನವರಿಗೆ ಹೊಂದಿಸಿದರೆ ಅದೇ ತಪ್ಪು ಮರುಕಳಿಸುತ್ತದೆ.

ಪ್ರಶ್ನೆ ಕೇಳಿದವರು: ಕಿರಿಯವನಿಗೆ 9 ವರ್ಷ. ಹಲ್ಲಿಗೆ ಜಾಗ ಸಾಲದು ಎಂಬ ಲೆಕ್ಕವೂ ಹೀಗೆಯೇ ಬೇರೆಯವರದೇ?

ಉತ್ತರ 2: ಟನಾಕಾ–ಜಾನ್‌ಸ್ಟನ್ (1974) ಸೂತ್ರವಾದರೆ, ಹೌದು, ಅದು ಉತ್ತರ ಯೂರೋಪ್ ಮೂಲದವರನ್ನು ಅಳೆದು ಮಾಡಿದ್ದು. ಕೆಳಗಿನ ನಾಲ್ಕು ಬಾಚಿಹಲ್ಲುಗಳ ಒಟ್ಟು ಅಗಲ 23 ಮಿ.ಮೀ. ಇದ್ದರೆ, ಅದರ ಅರ್ಧಕ್ಕೆ 10.5 ಕೂಡಿಸಿ, ಕೆಳದವಡೆಯಲ್ಲಿ ಇನ್ನೂ ಹುಟ್ಟದ ಕೋರೆಹಲ್ಲಿಗೂ ಎರಡು ಪ್ರಿಮೋಲಾರ್‌ಗಳಿಗೂ ಪ್ರತಿ ಬದಿಯಲ್ಲಿ 22 ಮಿ.ಮೀ. ಬೇಕೆನ್ನುತ್ತದೆ. ಭಾರತದ ಹಲವು ಅಧ್ಯಯನಗಳಲ್ಲಿ ಈ ಅಂದಾಜು ನಿಜವಾದ ಅಗಲಕ್ಕಿಂತ ಹೆಚ್ಚಾಗಿ ಕಂಡಿದೆ. ಒಂದೆರಡು ಮಿ.ಮೀ. ಕೊರತೆಯಷ್ಟೇ ತೋರಿದರೆ ಆತುರಪಡಬೇಡಿ.

ಉತ್ತರ 1: ಮಗಳ ವಿಷಯದಲ್ಲಿ, ಭಾರತೀಯ ಮಾನದಂಡಗಳೊಡನೆಯೂ ಹೋಲಿಸಿ ತೋರಿಸುವಂತೆ ವೈದ್ಯರನ್ನು ಕೇಳಿ. ಹಲ್ಲು ತೆಗೆದರೆ ತುಟಿ ಎಷ್ಟು ಹಿಂದೆ ಸರಿಯಬಹುದು ಎಂಬುದನ್ನೂ ವಿಚಾರಿಸಿ, ಆ ಬದಲಾವಣೆ ಬೇಕೇ ಎಂದು ಮಗಳನ್ನೇ ಕೇಳಿ.