ಸಾಕಿದ ದುಂಬಿ ದೊಡ್ಡದಾಗೋದು ಹೇಗೆ? ಕೀಟತಜ್ಞೆಗೆ ಕೇಳಿ

ಹೊಸಗೂಡು: ಮೇಡಂ, ನನ್ನ ಕೊಂಬಿನ ದುಂಬಿ ಕೋಶದಿಂದ ಹೊರಬಂದಿದೆ. ತುಂಬಾ ಚಿಕ್ಕದು. ದುಂಬಿಗೆ ತಿನ್ನಿಸೋ ಜೆಲ್ಲಿ ಜಾಸ್ತಿ ಕೊಟ್ಟರೆ ಬೆಳೆಯುತ್ತಾ?

ಕೀಟತಜ್ಞೆ: ಇಲ್ಲ. ದುಂಬಿಯಾದ ಮೇಲೆ ಬೆಳವಣಿಗೆ ಇಲ್ಲ. ಗಾತ್ರವೆಲ್ಲ ಹುಳುವಾಗಿದ್ದಾಗಲೇ ತೀರ್ಮಾನ ಆಗಿರುತ್ತದೆ.

ಕಪ್ಪುಮಣ್ಣು: ಮೂರನೇ ಹಂತದ (ಕೋಶವಾಗೋಕೆ ಮುಂಚಿನ ಕೊನೇ ಹಂತ) ಗಂಡು ಹುಳು ಮಣ್ಣಿನ ಮೇಲೇ ಬಿದ್ದಿದೆ, ಒಳಗೆ ಹೋಗುತ್ತಿಲ್ಲ. ವಾರವಾರ ತೂಗುತ್ತೇನೆ, ತೂಕ ಇಳಿಯುತ್ತಿದೆ. ಈಚೆಗೆ ಹೊಸ ಮರದ ಪುಡಿಗೆ ಗೋಧಿ ಹೊಟ್ಟು ಬೆರೆಸಿ ಹಾಕಿದ್ದೆ.

ಕೀಟತಜ್ಞೆ: ಮೊದಲು ತೂಗೋದು ನಿಲ್ಲಿಸಿ. ಪೆಟ್ಟಿಗೆಯ ತಳಕ್ಕೆ ಕೈ ಇಳಿಸಿ ನೋಡಿ. ಬೆಚ್ಚಗಿದೆಯಾ? ಹುಳಿ ವಾಸನೆ ಇದೆಯಾ? ಹಾಗಿದ್ದರೆ ಹೊಟ್ಟು ಇನ್ನೂ ಹುದುಗು ಬರುತ್ತಿದೆ. ಬಿಸಿ ತಾಳಲಾರದೆ, ಉಸಿರಾಡೋಕೂ ಆಗದೆ ಹುಳು ಮೇಲೆ ಬಂದಿದೆ. ಪೂರ್ತಿ ಕಳಿತ ಪುಡಿಗೆ ಇವತ್ತೇ ಬದಲಿಸಿ. ಹಳೇ ಹಿಕ್ಕೆ ಸ್ವಲ್ಪ ಸೇರಿಸಿ.

ಮಣ್ಣು ತಣ್ಣಗಿದ್ದರೆ ಬೇರೆ ಮಾತು. ಹೊಟ್ಟೆಯೊಳಗಿನ ಕಪ್ಪು ಹೋಗಿ, ಮೈ ಹಳದಿಗೆ ತಿರುಗಿ ಸುಕ್ಕುಗಟ್ಟಿದ್ದರೆ ಅದು ಕೋಶವಾಗೋಕೆ ತಯಾರಾಗುತ್ತಿದೆ. ಆಗ ತೂಕ ಇಳಿಯಲೇಬೇಕು. ಗೂಡು ಕಟ್ಟಿದ ಮೇಲೆ ಕೆದಕಿದರೆ ಗೋಡೆ ಕುಸಿಯುತ್ತದೆ, ಕೊಂಬು ಸೊಟ್ಟಗಾಗುತ್ತದೆ. ಗಂಡಿಗೆ ಕೊಂಬು ಚಾಚೋಕೆ ಉದ್ದ ಜಾಗ ಬೇಕು. ಪೆಟ್ಟಿಗೆ ಎಷ್ಟು ದೊಡ್ಡದು, ಮೈ ಬಣ್ಣ ಯಾವುದು, ಎರಡೂ ತಿಳಿಸಿ.

ಸಿಹಿಜೇನು: ಫಾರ್ವರ್ಡ್ ಬಂದದ್ದು: ನಾಯಿ ಬಿಸ್ಕತ್ತು, ಜೇನು, ಪ್ರೋಟೀನ್ ಪುಡಿ ಕಲಸಿ ಕೊಡಿ, ಹುಳು ಡಬಲ್!

ಕೀಟತಜ್ಞೆ: ಕೊಡಬೇಡಿ. ಪೆಟ್ಟಿಗೆಯೊಳಗೆ ಕೊಳೆತು ಬೂಷ್ಟು, ನುಸಿ ತುಂಬುತ್ತದೆ. ಈ ಹುಳು ತಿನ್ನೋದು ಕಳಿತ ಮರ, ಕಳಿತ ಎಲೆ. ಪೈನ್ ಪುಡಿಯೂ ಬೇಡ. ಇಂಥದ್ದನ್ನು ಇಲ್ಲಿಗೆ ತರುವ ಮೊದಲು ಒಮ್ಮೆ ಯೋಚಿಸಿ.

ನುಣ್ಣನೆರೆಕ್ಕೆ: ಏನೇ ತಿನ್ನಿಸಿ, ಅಪ್ಪನಷ್ಟೇ ಆಗೋದು. ಎಲ್ಲಾ ವಂಶದ್ದು.

ಮೂರುಕೊಂಬು: ಸುಮ್ನೆ ಹೇಳಬೇಡಿ. ಒಂದೇ ತಾಯಿಯ ಎರಡು ಮರಿ ಸಾಕಿದ್ದೇನೆ. ಒಂದು ಇನ್ನೊಂದರ ಅರ್ಧ ಇದೆ.

ನುಣ್ಣನೆರೆಕ್ಕೆ: ಅದು ಹೆಣ್ಣಿರಬೇಕು.

ಮೂರುಕೊಂಬು: ಎರಡಕ್ಕೂ ಕೊಂಬಿದೆ ಸಾರ್!

ನುಣ್ಣನೆರೆಕ್ಕೆ: ಹಾಗಾದ್ರೆ ಅಪ್ಪ ಬೇರೆ.

ಕೀಟತಜ್ಞೆ: ಇಬ್ಬರೂ ಸಾಕು ಮಾಡಿ. ವಂಶ ಮಿತಿ ಹಾಕುತ್ತದೆ. ಅದನ್ನು ಮುಟ್ಟೋದು ಬಿಡೋದು ಆಹಾರ, ತಾಪದ ಮೇಲೆ. ಜಪಾನಿನ ಕೊಂಬಿನ ದುಂಬಿಯ ಬಗ್ಗೆ 2012ರಲ್ಲಿ ಒಂದು ಅಧ್ಯಯನ ಬಂತು. ಹೊಟ್ಟೆಗೆ ಎಷ್ಟು ಸಿಕ್ಕಿದೆ ಅಂತ ಮೈಗೆ ತಿಳಿಸೋ ಇನ್ಸುಲಿನ್ ಸಂಕೇತ ತಗ್ಗಿಸಿದಾಗ ರೆಕ್ಕೆಗಿಂತ ಕೊಂಬೇ ಜಾಸ್ತಿ ಕುಗ್ಗಿತು. ಹೊಟ್ಟೆಗೆ ಸಾಲದ ಗಂಡಿನಲ್ಲಿ ಕೊರತೆ ಮೊದಲು ಕಾಣೋದು ಕೊಂಬಿನಲ್ಲೇ.

ಎಲೆಗೊಬ್ಬರ: ಬೆಚ್ಚಗಿಟ್ಟರೆ ಬೇಗ ಬೆಳೆಯುತ್ತೆ ಅಲ್ವಾ?

ಕೀಟತಜ್ಞೆ: ಬೇಗ ಕೋಶವಾಗುತ್ತದೆ. ತಿನ್ನೋಕೆ ಸಮಯ ಸಿಗೋದಿಲ್ಲ, ಅದಕ್ಕೇ ಚಿಕ್ಕದಾಗುತ್ತದೆ. ಹಲವು ಜಾತಿಗಳಿಗೆ 20–25 ಡಿಗ್ರಿ ಒಳ್ಳೆಯದು.

ಪುಟ್ಟಗೂಡು: ಗಂಡೋ ಹೆಣ್ಣೋ ಹುಳುವಾಗಿದ್ದಾಗಲೇ ಗೊತ್ತಾಗುತ್ತಾ ಮೇಡಂ?

ಮಳೆಹುಳು: ನನ್ನ ದುಂಬಿ ಚಿಕ್ಕದು, ಬಾಳೆಹಣ್ಣು ಕೊಟ್ಟರೆ ದೊಡ್ಡದಾಗುತ್ತಾ?

ಕೀಟತಜ್ಞೆ: ಮೇಲೆ ಓದಿ.

ಮೂರುಕೊಂಬು: @ನುಣ್ಣನೆರೆಕ್ಕೆ, ಅಪ್ಪನ ಫೋಟೊ ಹಾಕಲಾ?

ಕಪ್ಪುಮಣ್ಣು: ಮೇಡಂ, ತಳ ಬಿಸಿ ಇದೆ. ಮೈ ಬೆಳ್ಳಗೇ ಇದೆ. ಕೈಗೆ ಸಿಕ್ಕಿತಲ್ಲ ಅಂತ ಹಾಗೇ ಒಮ್ಮೆ ತೂಗಿದೆ.

ಕೀಟತಜ್ಞೆ: ತೂಗಬೇಡಿ ಅಂದಿದ್ದೆ. ಪುಡಿ ಬದಲಿಸಿದಿರಾ?